ಅಳಿಯನ ಬಂಡಿಗೆ ಕೀಲೆಣ್ಣೆ

ನನ್ನ ಮೊಮ್ಮಗಳು ನಾಂದೇಡಿಗೆ ಹೋಗುವುದಿಲ್ಲ. ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಬರೆಯುವುದಕ್ಕೇ ಖುಷಿಯಾಗುತ್ತದೆ, ಅದಕ್ಕೆ ಇನ್ನೊಮ್ಮೆ ಬರೆಯುತ್ತೇನೆ: ಗೌರವ್ವ ನಾಂದೇಡಿಗೆ ಹೋಗುವುದಿಲ್ಲ, ಯಲಬುರ್ಗಿಯಲ್ಲೇ ಇರುತ್ತಾಳೆ, ಬೇಕೆನಿಸಿದಾಗ ಹಿಟ್ನಾಳದ ನಮ್ಮ ಮನೆಗೆ ಬರುತ್ತಾಳೆ. ನಿನ್ನೆ ಸಂಜೆ ನಮ್ಮ ಕಟ್ಟೆಯ ಮುಂದೆ ನಿಂತು ಅಳಿಯನ ಮೇಲಿನ ಸಾಹೇಬರೇ ಬಾಯಿಬಿಟ್ಟು ಹೇಳಿದರು. ಬೆಳಗಿನಿಂದ ನೀರಿಗೆ ಬಂದವರಿಗೆ ಹೇಳಿದೆ, ಮಜ್ಜಿಗೆಗೆ ಬಂದವರಿಗೆ ಹೇಳಿದೆ, ಬಳೆಗಾರನಿಗೂ ಹೇಳಿದೆ. ಅವನಿಗೆ ಮತ್ತೆ ಹೇಳಲು ಹೋದಾಗ, "ಯವ್ವಾ, ಆಗಳೇ ಹೇಳೀರಿ, ಇನ್ನ ಕೈ ಕೊಡ್ರಿ, ಬಳಿ ಇಡ್ತೀನಿ" ಎಂದ. ಊರೊಳಗೆ ಕೇಳದೆ ಉಳಿದವರು ಯಾರೂ ಇಲ್ಲದ್ದರಿಂದ ನಿಮಗೆ ಹೇಳಲು ಕುಳಿತಿದ್ದೇನೆ.

ಇಷ್ಟಕ್ಕೆಲ್ಲ ಕಾರಣ ಒಂದು ಮೋಟಾರ್ ಸೈಕಲ್ಲಿನ ಗೇರು.

ಗೇರು ಎಂದರೇನೆಂದು ನನಗೆ ತಿಳಿದದ್ದೇ ಈಚೆಗೆ. ನಾನು ಓದಿದ್ದು ಮಠದ ಅಯ್ಯನವರ ಹತ್ತಿರ, ಮರಳಿನಲ್ಲಿ ಬೆರಳಾಡಿಸಿ. ಒತ್ತಕ್ಷರದವರೆಗೆ ಬರುವಷ್ಟರಲ್ಲಿ ಮದುವೆ ಮಾಡಿ ಕಳಿಸಿದರು. ಅದಕ್ಕೇ ಇಂದಿಗೂ ಒತ್ತು ಬಂದಲ್ಲಿ ನನ್ನ ಕೈ ಗಕ್ಕನೆ ನಿಂತು, ಒಂದಿಷ್ಟು ತಡವರಿಸಿ, ಮುಂದೆ ಹೋಗುತ್ತದೆ. ನಮ್ಮ ಅಳಿಯನ ಗಾಡಿಯ ರೋಗವೂ ಹೆಚ್ಚುಕಡಿಮೆ ಇದೇ.

ಅಳಿಯ ಶರಣಪ್ಪ ಯಲಬುರ್ಗಿಯ ದನದ ದವಾಖಾನೆಯಲ್ಲಿ ಕಂಪೌಂಡರ್. ದೊಡ್ಡರೋಗ ಬಂದ ಊರಿಗೆ ಹೋಗಿ ದನಗಳಿಗೆ ಸೂಜಿ ಹಾಕುವುದು ಅವನ ಕೆಲಸ. ಲಡಾಯಿ ಮುಗಿದ ಮೇಲೆ ದಂಡಿನವರ ಸಾಮಾನು ಹರಾಜಾಯಿತಲ್ಲ, ಆಗ ಈ ಮೋಟಾರ್ ಸೈಕಲ್ ತಂದ. ಹಸಿರು ಬಣ್ಣ, ಅಲ್ಲಲ್ಲಿ ಹಕ್ಕಳೆ ಎದ್ದಿತ್ತು. ಮೊದಲ ಸಲ ಅದು ನಮ್ಮ ಅಂಗಳಕ್ಕೆ ಬಂದ ದಿನ ಕೋಳಿಗಳೆಲ್ಲ ಮಾಳಿಗೆ ಏರಿದವು. ನಾನು ಆರತಿ ತಟ್ಟೆ ಹಿಡಿದು ಹೊರಗೆ ಬಂದವಳು, ಅದು ಇನ್ನೊಮ್ಮೆ ಗುರ್ರೆಂದದ್ದಕ್ಕೆ ತಟ್ಟೆಯೊಂದಿಗೆ ಒಳಗೆ ಹೋಗಿ ಕದ ಹಾಕಿಕೊಂಡೆ. ಆರತಿ ಬೆಳಗಿದ್ದು ಅದು ಪೂರ್ತಿ ತಣ್ಣಗಾದ ಮೇಲೆ. ಸಂಜೆ ಪಕ್ಕದ ಮನೆಯ ಈರವ್ವ ಸೆರಗು ಕಟ್ಟಿಕೊಂಡು ಜಗಳಕ್ಕೇ ಬಂದಳು.

"ನಿಮ್ಮಳಿಯ ಬಂದ್ರ ನಮ್ಮೆಮ್ಮಿ ಹಾಲ ಬಿಡಂಗಿಲ್ಲ. ಬರೂ ಮುಂದ ಮೊದ್ಲ ಹೇಳಿ ಕಳಸ್ರಿ, ಹಿಂಡಕೊಂಡು ಕುಂದರ್ತೀವಿ."

ಗೌರವ್ವ ಹುಟ್ಟಿ ಅವಳಿಗೆ ಮಾತು ಬರುವ ಹೊತ್ತಿಗೆ ಆ ಗಾಡಿ ಮನೆಯವರಲ್ಲಿ ಒಂದಾಗಿತ್ತು. ಕೂಸು ಅವ್ವ ಎನ್ನುವ ಮೊದಲು ಗುರ್ರ್ ಎಂದಿತು. ಮಗಳು ನೀಲವ್ವನಿಗೆ ಇದರಿಂದ ಸ್ವಲ್ಪ ಬೇಜಾರಾಯಿತು. ನಾನು ಸಮಾಧಾನ ಹೇಳಿದೆ, ನೀನೂ ಅವ್ವ ಎನ್ನುವ ಮೊದಲು ಎತ್ತು ಹೊಡೆಯುವವರ ಹಾಗೆ ಹಾಂಯ್ ಎಂದಿದ್ದೆ ಎಂದು. ಗಾಡಿಕಾರರ ಮನೆಯ ಮಕ್ಕಳು, ಅವರಿಗೆ ಅವ್ವ ಎಲ್ಲಿಗೆ ಹೋಗುತ್ತಾಳೆ, ಗಾಡಿಯಾದರೆ ಹೊರಟುಬಿಡುತ್ತದೆ.

ಹೌದು, ನಾವು ಗಾಡಿಕಾರರು. ನಮ್ಮ ಯಜಮಾನರು ಗಂಗಾವತಿಯಿಂದ ಕೊಪ್ಪಳದ ರೈಲು ನಿಲ್ದಾಣಕ್ಕೆ ಅಕ್ಕಿ ಚೀಲ ಹೊಡೆದೇ ಸಂಸಾರ ನಡೆಸಿದವರು. ನಮ್ಮಪ್ಪನದೂ ಅದೇ ಕೆಲಸವಾಗಿತ್ತು. ನನ್ನ ಹುಡುಗತನ ನೆನೆದರೆ ಮೊದಲು ನೆನಪಾಗುವುದು ವಾಸನೆ, ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ ವಾಸನೆ. ನಮ್ಮವ್ವ ಔಡಲಬೀಜ ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಬಟ್ಟಲಿನಿಂದ ಮೆಲ್ಲಗೆ ತೆಗೆಯುತ್ತಿದ್ದಳು. ಒಂದು ಪಾಲು ದೀಪಕ್ಕೆ, ಒಂದು ಪಾಲು ನಮ್ಮ ನೆತ್ತಿಗೆ. ಹೊಟ್ಟೆ ನೋವು ಎಂದು ಸುಳ್ಳು ಹೇಳಿ ಮನೆಗೆಲಸ ತಪ್ಪಿಸಿಕೊಂಡವರ ಬಾಯಿಗೂ ಒಂದು ಪಾಲು. ಉಳಿದದ್ದಕ್ಕೆ ಅಪ್ಪ ಸುಟ್ಟ ಹುಲ್ಲಿನ ಕರಿ ಕಲಸಿ ಕೀಲೆಣ್ಣೆ ಮಾಡುತ್ತಿದ್ದ. ಅದನ್ನು ಬಿದಿರಿನ ಕೊಳವೆಯಲ್ಲಿ ತುಂಬಿ ಬಂಡಿಯ ಕೆಳಗೆ ತೂಗುಹಾಕುವುದು, ಗಾಲಿ ಕಿರುಗುಟ್ಟಿದರೆ ಇಳಿದು ಕೀಲಿಗೆ ಸವರುವುದು. ಆ ಕೊಳವೆಗೆ ತಲೆ ತಾಗಿಸಿಕೊಳ್ಳದ ಮಗು ನಮ್ಮ ಓಣಿಯಲ್ಲಿ ಇರಲಿಲ್ಲ. ನನ್ನ ಹಬ್ಬದ ಲಂಗಕ್ಕೆ ಅಂಗೈಯಗಲ ಕಲೆ ಮೆತ್ತಿ, ಸೀಗೆಕಾಯಿ ಹಾಕಿದರೂ ಹೋಗಲಿಲ್ಲ, ಚೌಳುಮಣ್ಣು ಹಾಕಿದರೂ ಹೋಗಲಿಲ್ಲ. ಲಂಗ ಹರಿದು ಕೌದಿಗೆ ತೇಪೆಯಾದ ಮೇಲೂ ಆ ಕಲೆ ಅಲ್ಲೇ ಕುಳಿತು ನನ್ನನ್ನು ನೋಡುತ್ತಿತ್ತು.

ಗಾಡಿಕಾರರಲ್ಲಿ ಒಂದು ಪದ್ಧತಿ ಉಂಟು. ಬೀಗರ ಬಂಡಿ ಮನೆಗೆ ಬಂತೆಂದರೆ ಎತ್ತಿಗೆ ಮೇವು, ಗಾಡಿ ಹೊಡೆದವನಿಗೆ ಊಟ, ಗಾಲಿಗೆ ಕೀಲೆಣ್ಣೆ. ಇದನ್ನು ಕೇಳಿ ಮಾಡುವುದಿಲ್ಲ, ಮಾಡಿ ಹೇಳುವುದಿಲ್ಲ. ಬಂದವರು ಊಟ ಮಾಡಿ ಅಡ್ಡಾದಾಗ ಮನೆಯ ಯಜಮಾನ ಸದ್ದಿಲ್ಲದೆ ಹೋಗಿ ಸವರಿ ಬರಬೇಕು. ಬೀಗರ ಗಾಡಿ ನಮ್ಮ ಮನೆಯಿಂದ ಕಿರುಗುಟ್ಟುತ್ತ ಹೋಯಿತೆಂದರೆ, ಉಪವಾಸ ಕಳಿಸಿದಷ್ಟೇ ಅವಮಾನ.

ಈಗ ಅಳಿಯನ ಗಾಡಿಯ ರೋಗದ ಮಾತು. ಮುಂಜಾನೆಯ ತಂಪಿನಲ್ಲಿ ಅದರ ಗೇರು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಬೀಳುತ್ತಿತ್ತಂತೆ. ಹರದಾರಿ ಎರಡು ಹರದಾರಿ ಓಡಿ ಎಂಜಿನು ಕಾಯಿತೋ, ಮುಗಿಯಿತು. ಕಾಲಿನಿಂದ ಒತ್ತಿದರೆ ಕರ್ರೆಂದು ಹಲ್ಲು ಕಡಿಯುತ್ತಿತ್ತು. ಒಂದನೆಯದರಿಂದ ಎರಡನೆಯದಕ್ಕೆ ಬರುವುದಿಲ್ಲ, ಬಂದರೆ ಹಿಂದೆ ಕುಳಿತ ನೀಲವ್ವನ ತಲೆ ಅಳಿಯನ ಬೆನ್ನಿಗೆ ಬಡಿಯುತ್ತಿತ್ತು. ಕಡೆಗೆ ಯಾವುದಾದರೂ ಬೇವಿನ ಮರದ ಕೆಳಗೆ ನಿಲ್ಲಿಸಿ ಅದು ತಣಿಯುವವರೆಗೆ ಕಾಯಬೇಕು. ತಣಿಯಿತೆಂದರೆ ಮತ್ತೆ ಬಂಗಾರದಂಥ ಗಾಡಿ.

ಅಳಿಯ ಮಾಡದ ಉಪಾಯವಿಲ್ಲ. ಹಿಡಿಕೆಯ ತಂತಿ ಬಿಗಿದ, ಸಡಿಲಿಸಿದ. ಸರಪಳಿ ಜಗ್ಗಿ ನೋಡಿದ. ಗೇರಿನ ಡಬ್ಬಿಯ ಹಳೆಯ ಎಣ್ಣೆ ಚೆಲ್ಲಿ ಹೊಸದು ಹಾಕಿದ. ಊರಿನವರೂ ಸುಮ್ಮನಿರಲಿಲ್ಲ. ಕಾವು ಹೆಚ್ಚಾಗಿದೆ, ಸಬ್ಬಸಿಗೆ ನೀರು ಹನಿಸಿ ಎಂದು ಒಬ್ಬರು, ನಿಂಬೆಹಣ್ಣು ಕಟ್ಟಿ ಎಂದು ಒಬ್ಬರು. ನಿಂಬೆಹಣ್ಣು ಕಟ್ಟಿಯೂ ಆಯಿತು. ಒಂದಷ್ಟು ದಿನ ತಾನಾಗಿ ಸುಧಾರಿಸುತ್ತಿತ್ತು. ಎಲ್ಲರೂ ತಮ್ಮ ತಮ್ಮ ಔಷಧಿಯೇ ನಾಟಿತೆಂದು ಮೀಸೆ ತಿರುವುತ್ತಿದ್ದರು. ಅಷ್ಟರಲ್ಲಿ ಮಗಳು ಅಳಿಯ ನಮ್ಮಲ್ಲಿಗೆ ಬಂದು ಹೋಗುವರು, ರೋಗ ಮರುಕಳಿಸುವುದು. ಅಳಿಯನ ತಾಯಿ, ನಮ್ಮ ಬೀಗಿತಿ, ಬಾಯಿ ಬಲು ಹರಿತ. ಸಂತೆಯಲ್ಲಿ ಸಿಕ್ಕಾಗ ನಗುನಗುತ್ತಲೇ ಅಂದಳು:

"ಅತ್ತಿ ಮನಿ ಮುಟ್ಟಿ ಬಂದ್ರ ಸಾಕು ನೋಡವ್ವ, ಆ ಗಾಡಿ ಮೈಯಾಗ ಏನೋ ಹೊಕ್ಕೊಂಡು ಬರ್ತೈತಿ."

ನಾನೂ ಬಿಡಲಿಲ್ಲ. "ನಮ್ಮ ಮನ್ಯಾಗ ಹೊಟ್ಟಿತುಂಬ ಉಂಡು ಬರ್ತೈತಿ, ನಿಮ್ಮಲ್ಲಿ ಬಂದು ಕರಗಸ್ತೈತಿ" ಎಂದೆ. ಎಂದೆನೇನೋ ಹೌದು, ಮನೆಗೆ ಬಂದು ಗೋಡೆಗೆ ಒರಗಿ ಬಹಳ ಹೊತ್ತು ಕುಳಿತೆ. ನನ್ನ ಕಣ್ಣೇ ತಾಗಿತೇನೋ ಎಂದು ನನಗೇ ಅನುಮಾನ. ಆಮೇಲೆ ಅಳಿಯ ಬಂದಾಗಲೆಲ್ಲ ಆ ಗಾಡಿಯ ಕಡೆ ನೋಡದೆ, ಗೋಡೆ ಸವರಿಕೊಂಡು ನಡೆಯತೊಡಗಿದೆ.

ನಗೆಚಾಟಿಕೆಯಾಗಿದ್ದದ್ದು ಹೋದ ತಿಂಗಳು ಕಣ್ಣೀರಾಯಿತು. ಕುಷ್ಟಗಿಯ ಕಡೆ ದನಕ್ಕೆ ರೋಗ ಬಿದ್ದಿತ್ತು. ಮಂಜುಗಡ್ಡೆಯಲ್ಲಿಟ್ಟ ಔಷಧಿ ತೆಗೆದುಕೊಂಡು ಅಳಿಯ ಹೊರಟ. ಗಾಡಿ ಕಾಯಿತು, ಗೇರು ಕಚ್ಚಿತು, ಮರದ ಕೆಳಗೆ ನಿಂತ. ಇದು ತಣಿಯುವಷ್ಟರಲ್ಲಿ ಮಂಜು ಕರಗಿ ಔಷಧಿ ಕೆಟ್ಟಿತು. ಸಾಹೇಬರಿಗೆ ಸುದ್ದಿ ಹೋಯಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿ ನಾಲ್ಕೂ ಕಡೆ ತಿರುಗುವವನಿಗೆ ನೆಚ್ಚಿಕೆಯ ಗಾಡಿ ಬೇಕು, ಇಲ್ಲದಿದ್ದರೆ ಒಂದೇ ಕಡೆ ಕುಳಿತು ಮಾಡುವ ಕೆಲಸ ನಾಂದೇಡಿನಲ್ಲಿದೆ, ಅಲ್ಲಿಗೆ ಹೋಗಲಿ ಎಂದರಂತೆ. ಕಡೆಗೆ, ನಾನೇ ಬಂದು ಹಿಂದೆ ಕೂಡುತ್ತೇನೆ, ನಾಲ್ಕೂ ಊರು ಒಂದೇ ದಿನ ತಿರುಗಿಸಿ ತೋರಿಸು, ದಾರಿಯಲ್ಲಿ ನಿಂತರೆ ನಾಂದೇಡು ಎಂದು ಕಟ್ಟು ಹಾಕಿದರು.

ನಾಂದೇಡು ಇದೇ ಸರಕಾರದ ಸೀಮೆಯಂತೆ, ಎತ್ತ ಇದೆಯೋ ನನಗೆ ಗೊತ್ತಿಲ್ಲ. ಯಜಮಾನರನ್ನು ಕೇಳಿದೆ.

"ಬಂಡಿ ಕಟ್ಟಿದ್ರ ಯಾವಾಗ ಮುಟ್ಟತೈತ್ರಿ?"

"ಅಲ್ಲಿಗೆ ಬಂಡಿ ಯಾರೂ ಕಟ್ಟಂಗಿಲ್ಲ" ಎಂದರು.

ಇವರು ಬಂಡಿ ಕಟ್ಟದ ಊರು ಇದೆ ಎಂದು ಒಪ್ಪಿಕೊಂಡದ್ದು ಅದೇ ಮೊದಲು. ನನ್ನ ಕೂಸು ಹೋಗಿ, ಅಲ್ಲಿಯ ಭಾಷೆ ಕಲಿತು, ಮುಂದೊಂದು ದಿನ ಬಂದಾಗ ಅದರ ಅಜ್ಜಿ, ಆಯಿಯಾದ ನಾನು ಕೇಳಿದ್ದು ಅದಕ್ಕೆ ತಿಳಿಯದೆ, ಅದು ಹೇಳಿದ್ದು ನನಗೆ ತಿಳಿಯದೆ, ಇಬ್ಬರೂ ಮುಖ ನೋಡುತ್ತ ಕೂಡಬೇಕೇ.

ಮೊನ್ನೆ ಮಧ್ಯಾಹ್ನ ಅಳಿಯ, ಮಗಳು, ಕೂಸು ಬಂದಿಳಿದರು. ಮರುದಿನ ಬೆಳಿಗ್ಗೆ ಕೊಪ್ಪಳದಿಂದ ಸಾಹೇಬರನ್ನು ಕೂರಿಸಿಕೊಂಡು ಹೊರಡಬೇಕು. ದಾರಿಯಲ್ಲಿ ಗಾಡಿ ಎರಡು ಸಲ ಮುಷ್ಕರ ಹೂಡಿತ್ತು. ನೀಲವ್ವನ ಕಣ್ಣುಗಳು ಕೆಂಪಾಗಿದ್ದವು. ಅಳಿಯ ಕೈಕಾಲು ತೊಳೆದು, ಉಂಡು, ಪಡಸಾಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಗೌರವ್ವ ಎಂದಿನಂತೆ ಗಾಡಿಯ ಹತ್ತಿರ ಓಡಿದಳು. ಅದು ಇನ್ನೂ ಸುಡುತ್ತಿದೆ, ಕೂಸು ಕೈ ಇಟ್ಟೀತೆಂದು ನಾನೂ ಹಿಂದೆಯೇ ಓಡಿದೆ. ದೃಷ್ಟಿಯ ಹೆದರಿಕೆಯಿಂದ ಎಷ್ಟೋ ದಿನ ನಾನು ಅದರ ಹತ್ತಿರ ಸುಳಿದಿರಲಿಲ್ಲ. ಕೂಸನ್ನು ಎತ್ತಿಕೊಳ್ಳಲು ಬಗ್ಗಿದಾಗ ಮೂಗಿಗೆ ಬಡಿಯಿತು ನೋಡಿ, ಸೀದ ಔಡಲೆಣ್ಣೆ.

ಮೋಟಾರಿನ ಎಣ್ಣೆಯ ವಾಸನೆ ಬೇರೆ. ಇದು ನನ್ನ ಒಲೆಯ ಮೇಲೆ ಕುದಿದು, ನನ್ನ ಬಟ್ಟಲಲ್ಲಿ ಇಳಿದ ಎಣ್ಣೆ. ಎಡಮಗ್ಗುಲಲ್ಲಿ ತಗಡಿನ ಡಬ್ಬಿಯಂಥದ್ದೊಂದು, ಅದಕ್ಕೊಂದು ಬಿರಡೆ. ಬಿರಡೆಯ ಸುತ್ತ ಕರಿ ಅಂಟು, ಆ ಅಂಟಿಗೆ ಒಂದು ಕೋಳಿಯ ಪುಕ್ಕ ಹತ್ತಿಕೊಂಡಿತ್ತು. ಪುಕ್ಕದಿಂದ ಕೀಲೆಣ್ಣೆ ಸವರುವವರು ನಮ್ಮ ಮನೆಯಲ್ಲಿ ಒಬ್ಬರೇ. ತಲೆ ಎತ್ತಿ ನೋಡಿದೆ. ಯಜಮಾನರು ಕೊಳವೆ ಹಿಡಿದು, ಅಳಿಯ ನಿದ್ದೆ ಹೋದನೇ ಎಂದು ಪಡಸಾಲೆಯ ಕಡೆ ಇಣುಕುತ್ತ, ಮೆಲ್ಲಗೆ ಬರುತ್ತಿದ್ದರು.

"ಏನ್ರಿ ಇದು?"

"ಬೀಗರ ಗಾಡಿ ಐತಿ, ಒಣಾ ಕೀಲ ಕಳಸ್ಲೇನು?" ಎಂದರು, ಏನೂ ವಿಶೇಷವಿಲ್ಲ ಎಂಬಂತೆ.

"ಬಂದಾಗೊಮ್ಮಿ ಹಾಕ್ತೀರಿ?"

"ಹಾಕಲಾರದ ಬಿಡಾಕ ನಾ ಏನ್ ಪದ್ಧತಿ ಬಿಟ್ಟಾವೇನು? ನಾಳೆ ಸಾಹೇಬ್ರು ಬ್ಯಾರೆ ಕುಂದರ್ತಾರ. ಇವತ್ತ ಕೊಳವಿ ತುಂಬ ಹಾಕ್ತೀನಿ."

ನನಗೆ ನಗು ಬಂತು, ಅಳುವೂ ಬಂತು, ಎರಡಕ್ಕೂ ಹೊತ್ತಿರಲಿಲ್ಲ. ಅಳಿಯನಿಗೆ ಈಗಲೇ ಹೇಳಬೇಕು. ಆದರೆ ಹೇಗೆ ಹೇಳುವುದು? ನಮ್ಮಲ್ಲಿ ಅತ್ತೆಯಾದವಳು ಅಳಿಯನ ಮುಂದೆ ನಿಂತು ಮಾತಾಡುವುದಿಲ್ಲ. ಕಂಬಕ್ಕೆ ಹೇಳಬೇಕು, ಇಲ್ಲ ಕೂಸಿಗೆ ಹೇಳಬೇಕು. ನಾನು ಸೆರಗು ಮುಂದೆಳೆದುಕೊಂಡು, ಕದದ ಮರೆಯಲ್ಲಿ ನಿಂತು, ಕಂಕುಳಲ್ಲಿದ್ದ ಗೌರವ್ವನಿಗೆ ಊರೆಲ್ಲ ಕೇಳುವಂತೆ ಹೇಳಿದೆ:

"ಗೌರವ್ವಾ, ನಿಮ್ಮಪ್ಪಗ ಹೇಳು. ಗಾಡಿ ಎಡಮಗ್ಗಲಿನ ತಗಡ ಬಿಚ್ಚಿ ಒಳಗ ನೋಡಬೇಕಂತ. ಅದರಾಗ ಕೀಲೆಣ್ಣಿ ತುಂಬೈತಂತ."

"ಅಪ್ಪಾ, ಎಣ್ಣಿ" ಎಂದಳು ಕೂಸು.

ಅಳಿಯ ಎದ್ದು ಕುಳಿತ. ಮಾವನ ಕೈಯ ಕೊಳವೆ ನೋಡಿದ, ಗಾಡಿ ನೋಡಿದ. ಸಾಮಾನಿನ ಚೀಲ ಬಿಚ್ಚಿದ. ತಗಡು ಕಳಚಿದರೆ ಒಳಗೆಲ್ಲ ಕರಿ ಪಾಯಸ. ಅದರೊಳಗೆ ಬಿಲ್ಲೆಗಳಿದ್ದವು, ಬುಟ್ಟಿಯಲ್ಲಿ ರೊಟ್ಟಿ ಪೇರಿಸಿದ ಹಾಗೆ ಒಂದರ ಮೇಲೊಂದು. ಅಳಿಯ ನೀಲವ್ವನಿಗೆ ತಿಳಿಸಿದ. ನಾನು ಕದದ ಸಂದಿಯಿಂದ ಕೇಳಿಸಿಕೊಂಡೆ. ಹಿಡಿಕೆ ಒತ್ತಿದಾಗ ಈ ಬಿಲ್ಲೆಗಳು ಒಂದನ್ನೊಂದು ಬಿಡಬೇಕು, ಬಿಟ್ಟರೆ ಮಾತ್ರ ಗೇರು ನಯವಾಗಿ ಬೀಳುತ್ತದೆ. ತಂಪಿನಲ್ಲಿ ಈ ಎಣ್ಣೆ ಮೂಲೆಯಲ್ಲಿ ಗಟ್ಟಿಯಾಗಿ ಕುಳಿತಿರುತ್ತದೆ, ತೊಂದರೆಯಿಲ್ಲ. ಕಾದರೆ ತೆಳ್ಳಗಾಗಿ ಬಿಲ್ಲೆಗಳ ನಡುವೆ ಇಳಿದು, ಸೀದು, ಅಂಟಾಗುತ್ತದೆ. ಆಮೇಲೆ ಹಿಡಿಕೆ ಒತ್ತಿದರೂ ಅವು ಬಿಡುವುದಿಲ್ಲ. ದಿನ ಕಳೆದಂತೆ ಸುಟ್ಟು ಉದುರಿದಾಗ ಗಾಡಿ ಸುಧಾರಿಸುತ್ತದೆ. ಬಿಸಿ ರೊಟ್ಟಿಗೆ ಬೆಲ್ಲ ಸವರಿ ಪೇರಿಸಿಟ್ಟರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನಗೆ ಪೂರಾ ತಿಳಿಯಿತು.

ಯಜಮಾನರ ಮುಖ ಮಾತ್ರ ನೋಡಲಾಗಲಿಲ್ಲ. ಕೊಳವೆಯನ್ನು ಎದೆಗೆ ಹಿಡಿದುಕೊಂಡು ನಿಂತುಬಿಟ್ಟಿದ್ದರು.

"ಅಂದ್ರ ಕೂಸಿನ್ನ ನಾಂದೇಡಿಗೆ ಕಳಸಾಕ ಹೊಂಟಾವ ನಾನ ಏನು?" ಎಂದರು.

ಅಳಿಯನ ಗುಣ ನೋಡಿ, ಮೊಳಕೈವರೆಗೆ ಕರಿ ಮೆತ್ತಿಕೊಂಡಿದ್ದವನು ಎದ್ದು ನಿಂತ. "ಹಂಗನಬ್ಯಾಡ್ರಿ ಮಾಮಾ. ನನಗ ಹೇಳಲಾರದ ನನ್ನ ಗಾಡಿ ನೋಡಕೊಂಡೀರಿ. ಇದಕ್ಕ ಬಾಯಿ ಎಲ್ಲಿ ಐತಿ ಅನ್ನೂದು ನಾನ ನಿಮಗ ತೋರಸಿಲ್ಲ" ಎಂದು ಅವರ ಕೈ ಹಿಡಿದು, ಗಾಲಿಯ ನಡುಮಧ್ಯದ ಸಣ್ಣ ಮೂತಿ ತೋರಿಸಿದ. "ಇಲ್ಲೆ ಹಾಕ್ರಿ, ನಾ ಕೊಡೂ ಗ್ರೀಸು. ಇದು ಇನ್ನ ಮ್ಯಾಲ ನಿಮ್ಮ ಕೆಲಸ. ತಗಡಿನ ಡಬ್ಬಿ ಅಷ್ಟ ನನಗ ಬಿಡ್ರಿ."

ಆಮೇಲೆ ನೋಡಬೇಕಿತ್ತು ನಮ್ಮ ಅಂಗಳ. ಬಿಲ್ಲೆ ತೊಳೆಯಲು ಸೀಮೆಎಣ್ಣೆ ಬೇಕು. ರೇಶನ್ನಿನ ಕಾಲ, ಮನೆಯಲ್ಲಿದ್ದದ್ದು ಕಂದೀಲಿನಲ್ಲಿ ಇದ್ದಷ್ಟೇ. ಬಸಿದು ಕೊಟ್ಟೆ. ಸಾಲದು. ಎಮ್ಮೆಯ ಜಗಳ ಮರೆತು ಈರವ್ವ ತನ್ನ ಕಂದೀಲನ್ನೂ ತಂದು ಬಸಿದಳು. "ನಿಮ್ಮಳಿಯ ಇಲ್ಲೇ ಉಳಿದ್ರ ನಮ್ಮೆಮ್ಮಿ ಗತಿ ಏನು" ಎಂದು ಗೊಣಗುತ್ತಲೇ ಬಿಲ್ಲೆ ಉಜ್ಜಲು ಕುಳಿತಳು. ನೀಲವ್ವ ತೊಳೆದಳು, ನಾನು ಹಳೆಯ ಧೋತರದ ಚೂರಿನಿಂದ ಒರೆಸಿದೆ, ಯಜಮಾನರು ಬಿಸಿಲಿಗೆ ಒಂದೊಂದಾಗಿ ಹಪ್ಪಳದಂತೆ ಹರವಿದರು. ಕಾಗೆ ಬಾರದಂತೆ ಕೋಲು ಹಿಡಿದು ಕಾವಲೂ ಕುಳಿತರು. ಕಾಗೆಗೆ ಕಬ್ಬಿಣ ಯಾಕೆ ಎಂದು ಕೇಳುವ ಧೈರ್ಯ ನಮಗೆ ಯಾರಿಗೂ ಆಗಲಿಲ್ಲ.

ನಿನ್ನೆ ಬೆಳಿಗ್ಗೆ ಅಳಿಯ ಕೊಪ್ಪಳಕ್ಕೆ ಹೊರಡುವಾಗ ಹಿಂದಿನ ಆಸನಕ್ಕೆ ನನ್ನ ಒಳ್ಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿದೆ. ಸಾಹೇಬರ ಮೈಭಾರದ ಸುದ್ದಿ ಕೇಳಿದ್ದೆ. ಕೊಪ್ಪಳದಿಂದ ಯಲಬುರ್ಗಿ, ಅಲ್ಲಿಂದ ಕುಷ್ಟಗಿ, ಅಲ್ಲಿಂದ ಗಂಗಾವತಿ, ತಿರುಗಿ ನಮ್ಮೂರ ಮೇಲೆ ಹಾಯ್ದು ಕೊಪ್ಪಳ. ಇಡೀ ದಿನ ನನಗೆ ಕೆಲಸ ನೆಟ್ಟಗಾಗಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮತ್ತೆ ಹಾಕಿದೆ. ಅವ್ವ ಮರೆತಿದ್ದಾಳೆಂದು ನೀಲವ್ವನೂ ಹಾಕಿದಳು. ಆ ಸಾರನ್ನು ಚೆಲ್ಲಬೇಕಾಯಿತು. ಬಿಸಿಲೇರಿದಷ್ಟೂ ಅಂದುಕೊಳ್ಳುತ್ತಿದ್ದೆ, ಈಗ ಗಾಡಿ ಕಾದಿರುತ್ತದೆ, ಈಗ ಕಾದಿರುತ್ತದೆ. ಹೊತ್ತು ಇಳಿಯತೊಡಗಿದಾಗ ಯಜಮಾನರು ಹೋಗಿ ಊರ ಮುಂದಿನ ಏರಿನ ಹತ್ತಿರ ನಿಂತರು. ಆ ಏರು ಹತ್ತಬೇಕಾದರೆ ಗೇರು ಇಳಿಸಲೇಬೇಕು, ತಪ್ಪಿಸಿಕೊಳ್ಳುವಂತಿಲ್ಲ. ನಾನು ಕೂಸನ್ನು ಎತ್ತಿಕೊಂಡು ಕಟ್ಟೆಯ ಮೇಲೆ ನಿಂತೆ.

ದೂರದಿಂದ ಸದ್ದು ಬಂತು. ಕೂಸಿಗೆ ಮೊದಲು ಕೇಳಿಸಿತು, "ಗುರ್ರ್" ಎಂದಳು. ಗಾಡಿ ಏರಿನ ಬುಡಕ್ಕೆ ಬಂತು. ಸದ್ದು ಕುಗ್ಗಿತು. ಕರ್ರೆನ್ನಲಿಲ್ಲ. ಟಕ್ ಎಂದು ಸಣ್ಣದೊಂದು ಸಪ್ಪಳ, ಎಲೆ ಅಡಿಕೆ ಡಬ್ಬಿ ಮುಚ್ಚಿದಷ್ಟು. ಮತ್ತೆ ಗಾಡಿ ದನಿ ಎತ್ತಿ, ಸರಾಗ ಏರು ಹತ್ತಿ ಬಂದುಬಿಟ್ಟಿತು. ಹಿಂದೆ ಯಜಮಾನರು ತಲೆಯ ಪಟಗ ಕೈಯಲ್ಲಿ ಹಿಡಿದು ಓಡಿಬರುತ್ತಿದ್ದರು. ಅವರು ಓಡಿದ್ದನ್ನು ನಾನು ನೋಡಿದ್ದೇ ಇಲ್ಲ, ಎತ್ತು ಬೆದರಿ ಓಡಿದಾಗಲೂ ಅವರು ನಡೆದೇ ಹಿಡಿದವರು.

ಸಾಹೇಬರು ಇಳಿದರು, ಇಳಿಸಿದರು ಎನ್ನಬೇಕು. ಹುಬ್ಬು ಮೀಸೆ ಎಲ್ಲ ಕೆಂಧೂಳು. ಮಜ್ಜಿಗೆ ಕೊಟ್ಟೆವು. ತಂಬಿಗೆ ಪೂರ್ತಿ ಇಳಿಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಹೇಳಿದರು:

"ಗಾಡೀಗಿ ಏನೂ ಆಗಿಲ್ರೀ. ನನ್ನ ಕಮರ್ ಖತಂ ಆಗ್ಯದ. ನಾಂದೇಡಿಗೆ ಬ್ಯಾರೆಯವರಿಗಿ ಕಳಸ್ತೀನಿ. ಇವ್ರು ಇಲ್ಲೇ ಇರಲಿ." ಆಮೇಲೆ ಕೌದಿಯನ್ನು ತಟ್ಟಿ, "ಕೊಪ್ಪಳದ ತನಕ ಇದು ಇರಲ್ರೀ, ಮೆಹರ್ಬಾನಿ" ಎಂದರು.

ಅವರನ್ನು ಕೊಪ್ಪಳಕ್ಕೆ ಬಿಟ್ಟು ಅಳಿಯ ದೀಪ ಹಚ್ಚುವ ಹೊತ್ತಿಗೆ ಬಂದ. ಗಂಗಾವತಿಯಿಂದ ಹೊಸ ಅಕ್ಕಿ ತಂದಿದ್ದ. ಅಷ್ಟರಲ್ಲಿ ನಾನು ಗೋಧಿ ಹುಗ್ಗಿ ಮಾಡಿದ್ದೆ, ಎಣ್ಣೆಗಾಯಿ ಬದನೆ ಮಾಡಿದ್ದೆ, ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಕಂದೀಲು ಬರಿದಾಗಿದ್ದರಿಂದ ಪಣತಿಯ ಬೆಳಕು. ಗಂಡಸರು ಮೊದಲು, ಹೆಂಗಸರು ಆಮೇಲೆ ಎನ್ನುವುದು ಯಾರಿಗೂ ನೆನಪಾಗಲಿಲ್ಲ. ಪಡಸಾಲೆಯಲ್ಲಿ ಎಲ್ಲರೂ ಸುತ್ತಲೂ ಕುಳಿತರು, ಈರವ್ವನನ್ನೂ ಎಳೆದು ತಂದು ಕೂರಿಸಿದೆವು. ಅಳಿಯ ದಾರಿಯ ಕಥೆ ಹೇಳುತ್ತಿದ್ದ, ಕುಷ್ಟಗಿಯಲ್ಲಿ ಸಾಹೇಬರು ಇಳಿದವರು ಮತ್ತೆ ಹತ್ತಲು ಎಷ್ಟು ಅನುಮಾನಿಸಿದರು ಎಂದು. ಯಜಮಾನರು ನಕ್ಕು ನಕ್ಕು ಕೆಮ್ಮಿದರು. ಗೌರವ್ವ ಒಬ್ಬರ ತಾಟಿನಿಂದ ಒಬ್ಬರ ತಾಟಿಗೆ ಹೋಗಿ ಒಂದೊಂದು ತುತ್ತು ವಸೂಲು ಮಾಡುತ್ತಿದ್ದಳು.

ನಾನು ಬಡಿಸುತ್ತಲೇ ಇದ್ದೆ. ಮಗಳ ತಾಟಿಗೆ ಹುಗ್ಗಿ ಹಾಕಿದೆ, ತುಪ್ಪ ಹಾಕಿದೆ, ಬೇಡ ಬೇಡ ಎಂದರೂ ಮತ್ತೆ ಹಾಕಿದೆ. ಕಡೆಗೆ ನೀಲವ್ವ ಎರಡೂ ಕೈ ತಾಟಿನ ಮೇಲೆ ಅಡ್ಡ ಹಿಡಿದಳು.

"ಸಾಕಬೇ ಯವ್ವಾ. ಎಲ್ಲಾ ಇವತ್ತ ಉಣಸ್ತೀಯೇನು? ಬರೂ ಸಂತಿಗೆ ಮತ್ತ ಬರ್ತೇವಲ್ಲ."

ಹೌದಲ್ಲ. ಬರುತ್ತಾರಲ್ಲ. ನಾನು ಸೌಟನ್ನು ಬೋಗುಣಿಯಲ್ಲೇ ಬಿಟ್ಟು, ನನಗೂ ಒಂದು ತಾಟು ತೆಗೆದುಕೊಂಡು, ಅವರ ನಡುವೆ ಜಾಗ ಮಾಡಿಕೊಂಡು ಉಣ್ಣಲು ಕುಳಿತೆ.